ಲೇಬಲ್ ಅಂಟಿಸಿದ ಮೇಲೆ ಆರ್ಡರ್ ತಿದ್ದುವುದು

(ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರ ಮುಂದೆ ಕನ್ನಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಓದಲು ಸಲೀಸಾಗಲಿ ಅಂತ ಅಲ್ಲಲ್ಲಿ ಮಾತನ್ನು ಸರಿಮಾಡಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಾರ್ಸೆಲ್ ಕಳಿಸುವ ಎಪಿಐ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ಕೆಲಸ ಹೇಳುವ ದಾರಿ, ಕಟ್ಟುವಾಗ ಹೊಸ ಆರ್ಡರ್ ಹಾಕುವ ಭಾಗಕ್ಕೆ ಎಲ್ಲರೂ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಟ್ರ್ಯಾಕಿಂಗ್‌ಗೂ ಅಷ್ಟೇ. ಇರುವ ಆರ್ಡರನ್ನು ತಿದ್ದುವ ಭಾಗ ಮಾತ್ರ ಕೊನೆಗೆ, ಅವಸರದಲ್ಲಿ ಬರುತ್ತದೆ. ಡೇಟಾಬೇಸ್‌ನಲ್ಲಿ ಒಂದು ಸಾಲು, ಅದರಲ್ಲಿ ಒಂದು ಕಾಲಂ, ಬದಲಾಯಿಸಿದರೆ ಆಯ್ತಲ್ಲ ಅನ್ನೋ ಲೆಕ್ಕ.

ಆಗೋದಿಲ್ಲ. ಯಾಕೆ ಆಗೋದಿಲ್ಲ, ಹಾಗಾದರೆ ಹೇಗೆ ಮಾಡಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲು, ಜನ ಏನನ್ನು ತಿದ್ದಿ ಅಂತ ಕೇಳುತ್ತಾರೆ ನೋಡಿ. 14ನೇ ಕ್ರಾಸ್ ಅಂತ ಬರೆಯುವ ಕಡೆ 4ನೇ ಕ್ರಾಸ್ ಅಂತ ಬರೆದಿರುತ್ತಾರೆ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿರುತ್ತದೆ. ಸಿಒಡಿ, ಅಂದರೆ ಪಾರ್ಸೆಲ್ ಬಂದಾಗ ದುಡ್ಡು, ಅಂತ ಹಾಕಿದವರು ಆಮೇಲೆ ಯುಪಿಐನಲ್ಲಿ ದುಡ್ಡು ಕಟ್ಟಿರುತ್ತಾರೆ. ಗೋದಾಮಿನಲ್ಲಿ ಡಬ್ಬ ಅಳೆದು ನೋಡಿದರೆ ತೂಕ ಬೇರೆಯೇ ಇರುತ್ತದೆ. ಇಷ್ಟರಲ್ಲೇ ಹೆಚ್ಚಿನ ಕೇಸು ಮುಗಿಯುತ್ತವೆ. ಕೇಳುವವರಿಗೆ ಇದೆಲ್ಲ ಚಿಕ್ಕ ತಿದ್ದುಪಡಿ. ಆದರೆ ಅವರು ಕೇಳುವ ಹೊತ್ತಿಗೆ ಆ ಮಾಹಿತಿ ಎಲ್ಲೆಲ್ಲಿಗೆ ಹೋಗಿ ಕೂತಿದೆ ಅನ್ನುವುದೇ ಮುಖ್ಯ ಪ್ರಶ್ನೆ.

ಒಂದು ಆರ್ಡರಿನ ದಾರಿ ನೋಡೋಣ. ಆರ್ಡರ್ ಬರುತ್ತದೆ. ಕೊರಿಯರ್‌ನವರಿಂದ ಎಡಬ್ಲ್ಯೂಬಿ ನಂಬರ್, ಅಂದರೆ ಪಾರ್ಸೆಲ್ಲಿನ ಗುರುತಿನ ನಂಬರ್, ಸಿಗುತ್ತದೆ. ಲೇಬಲ್ ಪ್ರಿಂಟ್ ಆಗಿ ಡಬ್ಬದ ಮೇಲೆ ಅಂಟುತ್ತದೆ. ಮ್ಯಾನಿಫೆಸ್ಟ್‌ಗೆ, ಅಂದರೆ ಕೊರಿಯರ್‌ಗೆ ಒಪ್ಪಿಸುವ ಡಬ್ಬಗಳ ಪಟ್ಟಿಗೆ, ಸೇರುತ್ತದೆ. ಪಿಕಪ್ ಹುಡುಗ ಸ್ಕ್ಯಾನ್ ಮಾಡಿ ಒಯ್ಯುತ್ತಾನೆ. ಹಬ್‌ನಲ್ಲಿ, ಅಂದರೆ ವಿಂಗಡಣೆಯ ಕೇಂದ್ರದಲ್ಲಿ, ಬ್ಯಾಗಿಗೆ ಬೀಳುತ್ತದೆ, ಲಾರಿ ಹತ್ತುತ್ತದೆ, ಇನ್ನೊಂದು ಊರಿನ ಹಬ್‌ನಲ್ಲಿ ಇಳಿಯುತ್ತದೆ. ಕೊನೆಗೆ ಡಿಆರ್‌ಎಸ್, ಅಂದರೆ ಡೆಲಿವರಿ ರನ್ ಶೀಟ್‌ಗೆ ಸೇರಿ ಮನೆಯತ್ತ ಹೊರಡುತ್ತದೆ. ಈ ಪ್ರತಿ ಹಂತದಲ್ಲೂ ನಿಮ್ಮ ಮಾಹಿತಿಯ ಇನ್ನೊಂದು ಪ್ರತಿ ಹುಟ್ಟುತ್ತದೆ. ಲೇಬಲ್ ಒಂದು ಪ್ರತಿ, ಬಿಲ್ ಇನ್ನೊಂದು. ಕೊರಿಯರ್‌ನವರ ಸರ್ವರ್‌ನಲ್ಲಿ ಒಂದು, ಡೆಲಿವರಿ ಹುಡುಗನ ಫೋನಿನಲ್ಲಿ ಮತ್ತೊಂದು. ಲಗ್ನಪತ್ರಿಕೆ ಹಂಚಿಯಾದ ಮೇಲೆ ಛತ್ರ ಬದಲಾದ ಹಾಗೆ. ಮನೆಯ ಡೈರಿಯಲ್ಲಿ ಹೊಸ ಛತ್ರದ ಹೆಸರು ಬರೆದುಕೊಂಡರೆ ನೆಂಟರು ಅಲ್ಲಿಗೆ ಬರೋದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಲೇಬೇಕು.

ಹಾಗಾಗಿ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಲೇಬಲ್ ಅಂಟುವ ತನಕ ತಿದ್ದುಪಡಿ ಒಂದು ಆಜ್ಞೆ. ಅಂಟಿದ ಮೇಲೆ ಅದು ಒಂದು ಕೋರಿಕೆ. ಎಪಿಐ ಈ ಎರಡನ್ನೂ ಒಂದೇ ಅಂತ ನಟಿಸಬಾರದು.

ಈ ವ್ಯತ್ಯಾಸವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಥರ ನಿಭಾಯಿಸಿವೆ. ಅಮೆರಿಕದ ಪಾರ್ಸೆಲ್ ಸಾಫ್ಟ್‌ವೇರ್ ಕಂಪನಿ ಈಸಿಪೋಸ್ಟ್‌ನ ಎಪಿಐನಲ್ಲಿ ವಿಳಾಸ ಮತ್ತು ಪಾರ್ಸೆಲ್ ಅಳತೆ ಒಮ್ಮೆ ಸೃಷ್ಟಿಯಾದ ಮೇಲೆ ಬದಲಾಗೋದಿಲ್ಲ. ಬೇರೆ ಬೇಕಾದರೆ ಹೊಸದೊಂದನ್ನು ಸೃಷ್ಟಿಸಬೇಕು. ಕಠಿಣ ಅನ್ನಿಸಬಹುದು, ಆದರೆ ಅದರಲ್ಲಿ ಗೊಂದಲವಿಲ್ಲ. ಅಂಥದ್ದೇ ಇನ್ನೊಂದು ಕಂಪನಿ ಶಿಪ್‌ಸ್ಟೇಷನ್‌ನ ಹಳೆಯ ಎಪಿಐ ಇನ್ನೊಂದು ದಾರಿ ಹಿಡಿದಿದೆ. ಹೊಸ ಆರ್ಡರ್ ಹಾಕುವ ಕರೆಯಲ್ಲೇ ಹಳೆಯ ಆರ್ಡರಿನ ಕೀ, ಅಂದರೆ ಅದರ ಗುರುತು, ಕಳಿಸಿದರೆ ಅದೇ ಆರ್ಡರ್ ತಿದ್ದಿಕೊಳ್ಳುತ್ತದೆ. ಆದರೆ ಹಣಕ್ಕೆ ಕಾಯುತ್ತಿರುವ, ರವಾನೆಗೆ ಕಾಯುತ್ತಿರುವ, ತಡೆಹಿಡಿದಿರುವ ಆರ್ಡರ್‌ಗಳಿಗೆ ಮಾತ್ರ. ಹೊರಟು ಹೋದದ್ದಕ್ಕೂ ರದ್ದಾದದ್ದಕ್ಕೂ ಬೀಗ. ಅಲ್ಲಿ ಒಂದು ಭಾಗ ಮಾತ್ರ ಕಳಿಸುವಂತಿಲ್ಲ, ಇಡೀ ಆರ್ಡರನ್ನು ಮತ್ತೆ ಕಳಿಸಬೇಕು.

ನಮ್ಮಲ್ಲೇ ಇರುವ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಆನ್‌ಲೈನ್ ಪತ್ರ, ನನಗೆ ಇವೆರಡಕ್ಕಿಂತ ಒಳ್ಳೆಯ ಉದಾಹರಣೆ. 2018ರ ಏಪ್ರಿಲ್ 1ರಿಂದ ರಾಜ್ಯ ರಾಜ್ಯಗಳ ನಡುವಿನ ಸರಕಿಗೆ ಇದು ಕಡ್ಡಾಯವಾಯಿತು. ಅದೇ ದಿನ ರಾಜ್ಯದ ಒಳಗಿನ ಸಾಗಣೆಗೂ ಇದನ್ನು ಜಾರಿಗೆ ತಂದದ್ದು ಕರ್ನಾಟಕ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇದು ಬೇಕು. ಅದರಲ್ಲಿ ಎರಡು ಭಾಗ. ಎ ಭಾಗದಲ್ಲಿ ಸರಕು, ಬೆಲೆ, ಯಾರಿಂದ ಯಾರಿಗೆ. ಬಿ ಭಾಗದಲ್ಲಿ ಗಾಡಿ ನಂಬರ್. ಬಿಲ್ ಹುಟ್ಟಿದ ಮೇಲೆ ಎ ಭಾಗ ತಿದ್ದುವಂತಿಲ್ಲ. ತಪ್ಪಿದ್ದರೆ 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಬೇಕು. ದಾರಿಯಲ್ಲಿ ಅಧಿಕಾರಿ ಪರಿಶೀಲಿಸಿದ್ದರೆ ಅದೂ ಆಗೋದಿಲ್ಲ. ಬಿ ಭಾಗವನ್ನು ಮಾತ್ರ ಅವಧಿ ಮುಗಿಯುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಯಾಕಂದರೆ ಗಾಡಿ ಕೆಡುತ್ತದೆ, ಸರಕನ್ನು ಇನ್ನೊಂದು ಗಾಡಿಗೆ ಹಾಕಲೇಬೇಕಾಗುತ್ತದೆ. ಯಾವುದು ನಿಜವಾಗಿ ಬದಲಾಗುತ್ತದೋ ಅದನ್ನು ಬೇರೆ ಮಾಡಿ ಇಟ್ಟಿದ್ದಾರೆ. ಆರ್ಡರಿನ ಮಾದರಿ ಬರೆಯಲು ಕೂತಾಗ ಈ ವಿಂಗಡಣೆಯನ್ನು ಮೊದಲು ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈಗ ವಿಳಾಸಕ್ಕೆ ಬರೋಣ. ವಿಳಾಸದಲ್ಲೂ ಎರಡು ಥರದ ಬದಲಾವಣೆ ಇದೆ. ‘ಗಣಪತಿ ದೇವಸ್ಥಾನದ ಎದುರು’ ಅಂತ ಸೇರಿಸುವುದು, ಮನೆ ನಂಬರ್ ಸರಿಮಾಡುವುದು ಒಂದು. ಇದು ಕೊನೆಯ ಹುಡುಗನಿಗೆ ಮಾತ್ರ ಬೇಕಾದ ಮಾಹಿತಿ. ಲಾರಿ ಚಿತ್ರದುರ್ಗ ದಾಟುತ್ತಿರುವಾಗ ಬದಲಾದರೂ ಏನೂ ಕೆಡೋದಿಲ್ಲ. ಪಿನ್‌ಕೋಡ್ ಬದಲಾಯಿಸುವುದು ಇನ್ನೊಂದು. ಪಿನ್‌ಕೋಡ್ ನಮ್ಮಲ್ಲಿ 1972ರ ಆಗಸ್ಟ್ 15ರಿಂದ ಇದೆ. ಆರು ಅಂಕಿಯಲ್ಲಿ ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ ಹೇಳುತ್ತವೆ, ಕೊನೆಯ ಮೂರು ಅಂಚೆ ಕಚೇರಿ ಹೇಳುತ್ತವೆ. 560004 ಬಸವನಗುಡಿ, 577201 ಶಿವಮೊಗ್ಗ. ಇದನ್ನು ಅದಕ್ಕೆ ಬದಲಾಯಿಸಿದರೆ ದರ ಬೇರೆ, ಹಬ್ ಬೇರೆ, ಲಾರಿ ಬೇರೆ, ಲೇಬಲ್ ಮೇಲೆ ಅಚ್ಚಾದ ರೂಟಿಂಗ್ ಕೋಡ್ ಬೇರೆ. ಅದು ತಿದ್ದುಪಡಿಯೇ ಅಲ್ಲ, ಬೇರೆ ಸಾಗಣೆ.

ಕೆಲವರು ಒಂದು ಜಾಣತನ ಮಾಡುತ್ತಾರೆ. ಮೊದಲ ಮೂರು ಅಂಕಿ ಒಂದೇ ಇದ್ದರೆ ಬಿಟ್ಟುಬಿಡೋಣ ಅಂತ. ಇದನ್ನು ನಂಬಬೇಡಿ. ಖಾಸಗಿ ಕೊರಿಯರ್‌ಗಳ ಹಬ್ ಅಂಚೆ ಇಲಾಖೆಯ ನಕ್ಷೆಯಂತೆ ಹಂಚಿಲ್ಲ. ಒಂದೇ 560ರೊಳಗೆ ಯಲಹಂಕಕ್ಕೂ ಬನಶಂಕರಿಗೂ ಬೇರೆ ಬೇರೆ ಡೆಲಿವರಿ ಸೆಂಟರ್ ಇರುತ್ತದೆ. ಹೊಸ ಪಿನ್‌ಕೋಡ್ ಅದೇ ಡೆಲಿವರಿ ಸೆಂಟರಿಗೆ ಸೇರುತ್ತದಾ ಅಂತ ಕೊರಿಯರ್‌ನವರ ಪಟ್ಟಿ ನೋಡಿಯೇ ತೀರ್ಮಾನಿಸಬೇಕು. ಜೊತೆಗೆ ತೆರಿಗೆ. ಬೆಂಗಳೂರಿನ ಅಂಗಡಿಯಿಂದ ಆನೇಕಲ್‌ಗೆ ಹೋಗಬೇಕಿದ್ದ ಮಾಲು ಹೊಸೂರಿಗೆ ಬದಲಾದರೆ ದೂರ ಅಷ್ಟೇನೂ ಇಲ್ಲ. ಆದರೆ ರಾಜ್ಯ ಬದಲಾಯಿತು. ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹೋಗಿ ರಾಜ್ಯ ದಾಟುವ ಮಾರಾಟದ ಐಜಿಎಸ್‌ಟಿ ಬರುತ್ತದೆ. ಡಬ್ಬದೊಳಗಿನ ಬಿಲ್ಲೇ ತಪ್ಪಾಗುತ್ತದೆ.

ತೂಕದ ವಿಷಯ ಚಿಕ್ಕದು, ಬೇಗ ಹೇಳಿ ಮುಗಿಸುತ್ತೇನೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ವಾಲ್ಯೂಮೆಟ್ರಿಕ್ ತೂಕ, ಅಂದರೆ ಡಬ್ಬ ಹಿಡಿಯುವ ಜಾಗದ ಲೆಕ್ಕದ ತೂಕ, ತೆಗೆಯುವುದು ರೂಢಿ. 30, 25, 20ರ ಡಬ್ಬ 3 ಕೆಜಿ. ಒಳಗೆ ಬರೀ ಹತ್ತಿ ಬಟ್ಟೆ ಇದ್ದರೂ 3 ಕೆಜಿಯ ದುಡ್ಡು. ಅಳತೆ ತಿದ್ದಿದರೆ ದರ ಬದಲಾಗುತ್ತದೆ. ಹೊಸ ದರವನ್ನು ಅದೇ ಉತ್ತರದಲ್ಲಿ ಕಳಿಸಿ. ತಿಂಗಳ ಕೊನೆಯ ಬಿಲ್‌ನಲ್ಲಿ ಗೊತ್ತಾಗುವಂತೆ ಮಾಡಬೇಡಿ.

ಸಿಒಡಿ ಬಗ್ಗೆ ಮಾತ್ರ ನಿಧಾನವಾಗಿ ಮಾತಾಡಬೇಕು. ಯಾಕಂದರೆ ಇಲ್ಲಿ ಜಗಳ ಆಗುವುದು ಮನೆ ಬಾಗಿಲಲ್ಲಿ.

1,299 ರೂಪಾಯಿಯ ಸಿಒಡಿ ಆರ್ಡರ್ ಅಂದುಕೊಳ್ಳಿ. ಪಾರ್ಸೆಲ್ ಹೊರಟಿದೆ. ಗ್ರಾಹಕರು ಅಂಗಡಿಯ ಲಿಂಕ್ ಒತ್ತಿ ಯುಪಿಐನಲ್ಲಿ ಕಟ್ಟಿದರು. ಅಂಗಡಿಯ ಸಾಫ್ಟ್‌ವೇರ್ ಎಪಿಐಗೆ ಹೇಳಿತು, ಇದನ್ನು ಪ್ರೀಪೇಯ್ಡ್ ಮಾಡಿ ಅಂತ. ಎಪಿಐ 200, ಅಂದರೆ ‘ಆಯ್ತು’, ಅಂತ ಉತ್ತರ ಕೊಟ್ಟಿತು. ಆದರೆ ಆ ಹೊತ್ತಿಗೆ ಡಿಆರ್‌ಎಸ್ ತಯಾರಾಗಿ ಹುಡುಗನ ಫೋನಿಗೆ ಇಳಿದಿತ್ತು. ಬಾಗಿಲು ತೆರೆದ ಅಜ್ಜಿಗೆ ಮೊಮ್ಮಗಳು ದುಡ್ಡು ಕಟ್ಟಿದ್ದು ಗೊತ್ತಿಲ್ಲ. ಹುಡುಗನ ಫೋನಿನಲ್ಲಿ 1,299 ಅಂತಿದೆ, ಲೇಬಲ್ ಮೇಲೂ 1,299 ಅಂತಿದೆ. ಅವನು ಕೇಳಿದ, ಅಜ್ಜಿ ಕೊಟ್ಟರು. ಮೊಮ್ಮಗಳು ಮನೆಯಲ್ಲಿದ್ದಿದ್ದರೆ “ನಾನು ಕಟ್ಟಿಯಾಗಿದೆ, ಕೊಡಲ್ಲ” ಅಂತಿದ್ದಳು. ಆಗ ಆ ಹುಡುಗ ಸಂಜೆ ಲೆಕ್ಕ ಒಪ್ಪಿಸುವಾಗ 1,299 ಕಡಿಮೆ ಬೀಳುತ್ತದೆ, ಇಲ್ಲವೇ ಪಾರ್ಸೆಲ್ ವಾಪಸ್ ಒಯ್ಯಬೇಕಾಗುತ್ತದೆ. ಯಾರ ತಪ್ಪೂ ಇಲ್ಲದೆ ಇಬ್ಬರೂ ಸಿಕ್ಕಿಹಾಕಿಕೊಂಡರು, ಅಲ್ವಾ? ಇಷ್ಟಕ್ಕೆಲ್ಲ ಕಾರಣ ಎಪಿಐ ಹೇಳಿದ ಆ ಒಂದು ‘ಆಯ್ತು’.

ಇಲ್ಲಿ ಆ ಎಪಿಐ ಏನು ಹೇಳಬೇಕಿತ್ತು? ಡಿಆರ್‌ಎಸ್ ಆಗಿದ್ದರೆ 409, ಅಂದರೆ ‘ಈಗಿನ ಸ್ಥಿತಿಯಲ್ಲಿ ಆಗೋದಿಲ್ಲ’ ಅನ್ನುವ ಕೋಡ್, ಕೊಟ್ಟು, ‘ಪಾರ್ಸೆಲ್ ಡೆಲಿವರಿಗೆ ಹೊರಟಿದೆ, ಮೊತ್ತ ಬದಲಾಯಿಸಲು ಆಗುವುದಿಲ್ಲ’ ಅಂತ ಕಾರಣದ ಸಮೇತ ಹೇಳಬೇಕಿತ್ತು. ಕಾರಣವನ್ನು ಯಂತ್ರ ಓದುವ ಹಾಗೆ ಕೊಡಲು ಒಂದು ಗೊತ್ತಾದ ರೂಪವೇ ಇದೆ, ಆರ್‌ಎಫ್‌ಸಿ ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆಗಳಲ್ಲಿ 9457ನೆಯದು, 2023ರದ್ದು. ಆಗ ಅಂಗಡಿಯವರು ಯುಪಿಐನಲ್ಲಿ ಬಂದ ದುಡ್ಡನ್ನು ತಕ್ಷಣ ವಾಪಸ್ ಮಾಡಬಹುದಿತ್ತು. ದುಡ್ಡು ತೆಗೆದುಕೊಳ್ಳುವ ಮೊದಲೇ ಲಿಂಕ್ ಮುಚ್ಚುವಂತಾಗಲು ನಾನು ಇನ್ನೊಂದು ಚಿಕ್ಕ ಸೌಲಭ್ಯ ಬೇಕೇ ಬೇಕು ಅನ್ನುತ್ತೇನೆ. ಆರ್ಡರಿನ ವಿವರ ಕೇಳಿದಾಗ, ಈ ಕ್ಷಣದಲ್ಲಿ ಏನೇನು ತಿದ್ದಬಹುದು ಅನ್ನುವ ಪಟ್ಟಿಯನ್ನೂ ಕೊಡಿ. ಫೋನ್ ಆಗುತ್ತದೆ, ಮನೆ ನಂಬರ್ ಆಗುತ್ತದೆ, ಮೊತ್ತ ಆಗೋದಿಲ್ಲ. ಹಂತಗಳ ನಿಯಮವನ್ನು ಪ್ರತಿಯೊಂದು ಅಂಗಡಿಯ ಸಾಫ್ಟ್‌ವೇರೂ ತಾನೇ ಊಹಿಸಿ ಬರೆದುಕೊಳ್ಳುವ ಗತಿ ಬರಬಾರದು.

ಪ್ರೀಪೇಯ್ಡ್ ಆರ್ಡರನ್ನು ಸಿಒಡಿ ಮಾಡುವುದನ್ನು ಇನ್ನೂ ಬಿಗಿಯಾಗಿಡಿ. ಕೊಡಬೇಕಾದವರು ಒಪ್ಪಿದ್ದಾರಾ ಅಂತ ತಿಳಿಯದೆ ಅವರ ಬಾಗಿಲಲ್ಲಿ ದುಡ್ಡು ಕೇಳುವುದು ಸರಿಯಲ್ಲ.

ಈಗ ಎಚ್‌ಟಿಟಿಪಿ, ಅಂದರೆ ಈ ಕರೆಗಳು ವೆಬ್‌ನಲ್ಲಿ ಓಡಾಡುವ ನಿಯಮ, ಅದರ ಕಡೆ. ಪುಟ್ ಅಂದರೆ ಇಡೀ ಆರ್ಡರನ್ನು ಹೊಸದಾಗಿ ಇಡುವುದು. ಪ್ಯಾಚ್ ಅಂದರೆ ಬೇಕಾದಷ್ಟನ್ನು ಮಾತ್ರ ಬದಲಿಸುವುದು. ಪ್ಯಾಚ್ 2010ರಲ್ಲಿ ಆರ್‌ಎಫ್‌ಸಿ 5789 ಆಗಿ ಬಂತು. ಪುಟ್‌ನಲ್ಲಿ ನೀವು ಫೋನ್ ನಂಬರ್ ಕಳಿಸಲು ಮರೆತರೆ ಫೋನ್ ನಂಬರ್ ಅಳಿಸಿಹೋಗುತ್ತದೆ. ಸಾಗಣೆಯ ಆರ್ಡರಿಗೆ ಪ್ಯಾಚ್ ವಾಸಿ. ಆದರೆ ಯಾವ ಪ್ಯಾಚ್ ಅಂತ ಮೊದಲೇ ತೀರ್ಮಾನಿಸಬೇಕು.

ಜೇಸನ್ ಅಂದರೆ ಮಾಹಿತಿಯನ್ನು ಬರೆದು ಕಳಿಸುವ ಒಂದು ರೂಪ. ಅದರಲ್ಲಿ ಜೇಸನ್ ಮರ್ಜ್ ಪ್ಯಾಚ್ ಸುಲಭ. ಬದಲಾಗಬೇಕಾದ್ದನ್ನು ಮಾತ್ರ ಬರೆದು ಕಳಿಸಿದರೆ ಸಾಕು. ಆದರೆ ಅದರಲ್ಲಿ ಎರಡು ಕಡೆ ಎಡವುತ್ತಾರೆ. ‘ನಲ್’ ಅಂತ ಕಳಿಸಿದರೆ ಅದಕ್ಕೆ ಅಳಿಸು ಅಂತ ಅರ್ಥ. ಖಾಲಿ ಬಿಟ್ಟ ಲ್ಯಾಂಡ್‌ಮಾರ್ಕ್‌ಗೆ ನಿಮ್ಮ ಆ್ಯಪ್ ಸುಮ್ನೆ ನಲ್ ತುಂಬಿ ಕಳಿಸಿದರೆ, ಗ್ರಾಹಕರು ಕಷ್ಟಪಟ್ಟು ಬರೆದ ದೇವಸ್ಥಾನದ ಗುರುತು ಮಾಯ. ಎರಡನೆಯದು ಪಟ್ಟಿ. ಒಂದು ಆರ್ಡರಿನಲ್ಲಿ ಮೂರು ಡಬ್ಬ ಇದ್ದಾವೆ. ಎರಡನೆಯ ಡಬ್ಬದ ತೂಕ ತಿದ್ದಲು ಆ ಒಂದನ್ನೇ ಪಟ್ಟಿಯಲ್ಲಿ ಹಾಕಿ ಕಳಿಸಿದರೆ ಹಳೆಯ ಪಟ್ಟಿ ಪೂರ್ತಿ ಹೋಗಿ ಹೊಸದು ಬರುತ್ತದೆ. ಮೂರು ಡಬ್ಬದ ಆರ್ಡರ್ ಒಂದೇ ಡಬ್ಬದ್ದಾಯಿತು. ನನ್ನ ಸಲಹೆ, ಡಬ್ಬಗಳಿಗೆ ಒಂದೊಂದು ಗುರುತು ಕೊಟ್ಟು ಪ್ರತಿ ಡಬ್ಬಕ್ಕೂ ಬೇರೆ ಯುಆರ್‌ಎಲ್‌ನ ಕರೆ ಇಡಿ. ಇಲ್ಲವಾದರೆ ಆರ್‌ಎಫ್‌ಸಿ 6902ರ ಜೇಸನ್ ಪ್ಯಾಚ್ ಬಳಸಿ. ಅದರಲ್ಲಿ ‘ಟೆಸ್ಟ್’ ಅನ್ನುವ ಒಂದು ಕ್ರಿಯೆ ಇದೆ. ಹಳೆಯ ಬೆಲೆ ಇಂತಿಷ್ಟೇ ಇದ್ದರೆ ಮಾತ್ರ ಮುಂದುವರಿ ಅಂತ ಹೇಳಬಹುದು.

ಯಾವ ಪ್ಯಾಚ್ ಆದರೂ ಅರ್ಧಂಬರ್ಧ ಆಗಬಾರದು. ಪ್ಯಾಚ್‌ನ ನಿಯಮವೇ ಹಾಗಿದೆ, ಬದಲಾದರೆ ಎಲ್ಲಾ ಬದಲಾಗಬೇಕು, ಇಲ್ಲವಾದರೆ ಏನೂ ಬದಲಾಗಬಾರದು. ಹೆಸರು ಬದಲಾಗಿ ಪಿನ್‌ಕೋಡ್ ಬದಲಾಗದೆ ಉಳಿದ ಆರ್ಡರ್ ಮೊದಲಿನ ತಪ್ಪಿಗಿಂತ ಕೆಟ್ಟದ್ದು.

ಒಂದೇ ಆರ್ಡರಿಗೆ ಇಬ್ಬರು ಒಟ್ಟಿಗೆ ಕೈಹಾಕುವುದು ಇಲ್ಲಿ ದಿನವೂ ನಡೆಯುತ್ತದೆ. ಕಸ್ಟಮರ್ ಕೇರ್‌ನವರು ಫೋನ್ ತಿದ್ದುತ್ತಿರುತ್ತಾರೆ, ಗೋದಾಮಿನವರು ತೂಕ ತಿದ್ದುತ್ತಿರುತ್ತಾರೆ. ಇಬ್ಬರೂ ಹಳೆಯ ಆರ್ಡರ್ ಓದಿಕೊಂಡು ಪೂರ್ತಿ ವಾಪಸ್ ಕಳಿಸಿದರೆ, ಕೊನೆಗೆ ಕಳಿಸಿದವರದ್ದೇ ಉಳಿಯುತ್ತದೆ. ಮೊದಲನೆಯವರ ತಿದ್ದುಪಡಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಇದಕ್ಕೆ ಎಚ್‌ಟಿಟಿಪಿಯಲ್ಲೇ ಮದ್ದಿದೆ. ಆರ್ಡರ್ ಕೊಡುವಾಗ ಒಂದು ಇ-ಟ್ಯಾಗ್, ಅಂದರೆ ಆರ್ಡರಿನ ಆ ಹೊತ್ತಿನ ರೂಪದ ಗುರುತು, ಕೊಡಿ. ತಿದ್ದುವವರು ಅದನ್ನು ಇಫ್-ಮ್ಯಾಚ್ ಹೆಡರಿನಲ್ಲಿ ವಾಪಸ್ ಕಳಿಸಲಿ. ನಡುವೆ ಆರ್ಡರ್ ಬದಲಾಗಿದ್ದರೆ 412, ಅಂದರೆ ‘ಷರತ್ತು ಹೊಂದಲಿಲ್ಲ’, ಕೊಡಿ. ಹೆಡರೇ ಇಲ್ಲದೆ ಬಂದರೆ 428, ಅಂದರೆ ‘ಷರತ್ತು ಸೇರಿಸಿ ಕಳಿಸಿ’, ಕೊಡಿ. ಈ 428 ಬಂದದ್ದೇ ಇಂಥ ಕಳೆದುಹೋಗುವ ತಿದ್ದುಪಡಿ ತಡೆಯಲು.

ಉತ್ತರವೇ ಬರದಿದ್ದರೆ? ತಿದ್ದುಪಡಿ ಕಳಿಸಿದಿರಿ, ನೆಟ್ ಕಡಿಯಿತು. ಆಯಿತೋ ಇಲ್ಲವೋ ಗೊತ್ತಿಲ್ಲ. ಸಾಫ್ಟ್‌ವೇರ್ ಮತ್ತೆ ಕಳಿಸುತ್ತದೆ. ‘ಮೊತ್ತವನ್ನು 799 ಮಾಡು’ ಅಂತ ಎರಡು ಸಲ ಹೇಳಿದರೆ ತೊಂದರೆ ಇಲ್ಲ. ‘ಮೊತ್ತದಲ್ಲಿ 500 ಕಳೆ’ ಅಂತ ಎರಡು ಸಲ ಹೇಳಿದರೆ ಅಂಗಡಿಯವರಿಗೆ 500 ನಷ್ಟ. ಹಾಗಾಗಿ ಕೂಡು, ಕಳೆ ಅನ್ನುವ ಭಾಷೆಯೇ ಎಪಿಐನಲ್ಲಿ ಬೇಡ. ಪ್ರತಿ ಕೋರಿಕೆಗೂ ಒಂದು ಐಡೆಂಪೊಟೆನ್ಸಿ ಕೀ ತೆಗೆದುಕೊಳ್ಳಿ. ಅದೇ ಕೀ ಮತ್ತೆ ಬಂದರೆ ಕೆಲಸ ಮತ್ತೆ ಮಾಡದೆ ಹಳೆಯ ಉತ್ತರವನ್ನೇ ಕೊಡಿ.

ಇನ್ನು ಕೋರಿಕೆಯ ಮಾತು. ಪಾರ್ಸೆಲ್ ಲಾರಿಯಲ್ಲಿರುವಾಗ ಬಂದ ತಿದ್ದುಪಡಿಗೆ ತಕ್ಷಣ ಹೌದು ಅಥವಾ ಇಲ್ಲ ಅನ್ನಲು ಯಾರಿಗೂ ಆಗೋದಿಲ್ಲ. ಆಗ 202 ಕೊಡಿ, ಅಂದರೆ ‘ತೆಗೆದುಕೊಂಡಿದ್ದೇನೆ, ಇನ್ನೂ ಆಗಿಲ್ಲ’. ಜೊತೆಗೆ ಕೋರಿಕೆಗೊಂದು ನಂಬರ್. ಅದರ ಗತಿ ಏನಾಯಿತು ಅಂತ ಕೇಳಲು ಒಂದು ಯುಆರ್‌ಎಲ್. ಮುಗಿದಾಗ ವೆಬ್‌ಹುಕ್, ಅಂದರೆ ನೀವೇ ಅವರ ಸರ್ವರ್‌ಗೆ ಕಳಿಸುವ ಸುದ್ದಿ. ಒಎನ್‌ಡಿಸಿ ಗೊತ್ತಲ್ಲ, ಬೇರೆ ಬೇರೆ ಆ್ಯಪ್‌ಗಳ ಅಂಗಡಿ, ಗ್ರಾಹಕರನ್ನು ಜೋಡಿಸುವ ಸರ್ಕಾರಿ ಬೆಂಬಲದ ಜಾಲ, 2022ರ ಸೆಪ್ಟೆಂಬರ್ ಕೊನೆಯಲ್ಲಿ ಸಾಮಾನ್ಯ ಗ್ರಾಹಕರಿಗೆ ಅದರ ಬೀಟಾ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಅದರ ಬುಡದಲ್ಲಿರುವ ಬೆಕ್ನ್ ಪ್ರೋಟೋಕಾಲ್, ಅಂದರೆ ಸಾಫ್ಟ್‌ವೇರ್‌ಗಳು ಮಾತಾಡಿಕೊಳ್ಳುವ ನಿಯಮ, ಪೂರ್ತಿ ಹೀಗೇ ಇದೆ. ‘ಅಪ್‌ಡೇಟ್’ ಅಂತ ಕರೆದರೆ ತಕ್ಷಣ ಸಿಗುವುದು ಬರೀ ‘ಆ್ಯಕ್’, ಕೋರಿಕೆ ತಲುಪಿತು ಅಂತ. ನಿಜವಾದ ಉತ್ತರ ಆಮೇಲೆ ‘ಆನ್ ಅಪ್‌ಡೇಟ್’ ಅಂತ ಬೇರೆ ಕರೆಯಲ್ಲಿ ಬರುತ್ತದೆ. ಕೆಲಸ ಮಾಡುವವರಿಗೆ ಮೊದಮೊದಲು ಇದು ರಗಳೆ ಅನ್ನಿಸುತ್ತದೆ. ನನಗೆ ಇದು ಪ್ರಾಮಾಣಿಕ ಅನ್ನಿಸುತ್ತದೆ. ಎರಡು ಬೇರೆ ಸಂಸ್ಥೆಗಳ ನಡುವೆ, ನಡುವಿನಲ್ಲೊಂದು ನಿಜವಾದ ಡಬ್ಬ ಓಡಾಡುತ್ತಿರುವಾಗ, ವ್ಯವಹಾರ ನಡೆಯುವುದೇ ಹೀಗೆ.

ಕೊನೆಯದಾಗಿ ಭದ್ರತೆ. ಆರ್ಡರ್ ತಿದ್ದುವ ಎಪಿಐ ಕಳ್ಳರಿಗೆ ತುಂಬಾ ಇಷ್ಟ. ಎಡಬ್ಲ್ಯೂಬಿ ನಂಬರ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಬರುವುದುಂಟು. ನನ್ನ ಟೋಕನ್, ಅಂದರೆ ನಾನು ಯಾರು ಅಂತ ಎಪಿಐಗೆ ತೋರಿಸುವ ಚೀಟಿ, ಹಿಡಿದು ನಿಮ್ಮ ಪಾರ್ಸೆಲ್ಲಿನ ನಂಬರ್ ಹಾಕಿದರೆ ಏನಾಗುತ್ತದೆ? ಓವಾಸ್ಪ್ ಸಂಸ್ಥೆಯ ಎಪಿಐ ಭದ್ರತೆಯ ಹತ್ತು ದೋಷಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಜಾಗ ಇದಕ್ಕೇ. ಟೋಕನ್ ಸರಿ ಇದೆಯಾ ಅಂತ ನೋಡುತ್ತಾರೆ, ಈ ಆರ್ಡರ್ ಈ ಟೋಕನ್ನಿನವರದ್ದಾ ಅಂತ ನೋಡೋದಿಲ್ಲ. ಇನ್ನೊಂದು ಮಾತು, ಫೋನ್ ನಂಬರ್ ಬದಲಾವಣೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಡೆಲಿವರಿ ಓಟಿಪಿ ಹೋಗುವುದು ಅದೇ ನಂಬರಿಗೆ. ನಂಬರ್ ಬದಲಾದ ಕೂಡಲೇ ಹಳೆಯ ನಂಬರಿಗೆ ಒಂದು ಎಸ್‌ಎಂಎಸ್ ಕಳಿಸಿ. ಯಾರು, ಯಾವಾಗ, ಯಾವುದನ್ನು, ಏನಿಂದ ಏನಕ್ಕೆ ಬದಲಿಸಿದರು ಅನ್ನುವ ಇತಿಹಾಸವನ್ನು ಅಳಿಸದೆ ಇಡಿ. ಜಗಳ ಬಂದಾಗ ಆ ಡೆಲಿವರಿ ಹುಡುಗನನ್ನು ಕಾಪಾಡುವುದು ಆ ಇತಿಹಾಸವೇ.

ಆಮೇಲೆ ಸಭೆಯಲ್ಲಿದ್ದ ಒಬ್ಬರು ಕೇಳಿದರು: “ಸರ್, ಇಷ್ಟೆಲ್ಲ ಯಾಕೆ? ಹಳೆಯದನ್ನು ರದ್ದು ಮಾಡಿ ಹೊಸ ಆರ್ಡರ್ ಹಾಕಿದರೆ ಆಗಲ್ವಾ?”

ಪಿಕಪ್ ಆಗುವ ಮೊದಲು ಆಗುತ್ತದೆ. ಎಷ್ಟೋ ಸಲ ಅದೇ ಶುದ್ಧ ದಾರಿ. ಒಂದು ಎಚ್ಚರ ಮಾತ್ರ ಬೇಕು. ಹಳೆಯ ಲೇಬಲ್ ಕಿತ್ತು ಹಾಕಿ, ಇಲ್ಲವೇ ಬಾರ್‌ಕೋಡ್ ಪೂರ್ತಿ ಮುಚ್ಚಿ. ಡಬ್ಬದ ಮೇಲೆ ಎರಡು ಬಾರ್‌ಕೋಡ್ ಇದ್ದರೆ ಹಬ್‌ನ ಸ್ಕ್ಯಾನರ್ ರದ್ದಾದದ್ದನ್ನೇ ಓದಬಹುದು. ಪಿಕಪ್ ಆದ ಮೇಲೆ ರದ್ದು ಅಂದರೆ ಆರ್‌ಟಿಒ, ರಿಟರ್ನ್ ಟು ಒರಿಜಿನ್. ಪಾರ್ಸೆಲ್ ತಿರುಗಿ ಬರಬೇಕು, ಹೋದದ್ದಕ್ಕೂ ಬಂದದ್ದಕ್ಕೂ ದುಡ್ಡು ಕೊಡಬೇಕು, ಗ್ರಾಹಕರು ಕಾಯಬೇಕು. ಒಂದು ಕ್ರಾಸ್ ನಂಬರ್ ತಪ್ಪಿದ್ದಕ್ಕೆ ಅಷ್ಟು ಶಿಕ್ಷೆ ಬೇಡ.

ಇನ್ನೊಬ್ಬರ ಪ್ರಶ್ನೆ ಪರೀಕ್ಷೆಯ ಬಗ್ಗೆ ಇತ್ತು. ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ಪರೀಕ್ಷೆಗೆಂದೇ ಇಟ್ಟ ನಕಲಿ ವ್ಯವಸ್ಥೆಯಲ್ಲಿ, ಎಲ್ಲಾ ಸರಿಯಾಗಿ ನಡೆಯುತ್ತದೆ, ನಿಜವಾದ ಪಾರ್ಸೆಲ್ಲಿಗೆ ಬಂದಾಗ ಕೈಕೊಡುತ್ತದೆ, ಯಾಕೆ ಅಂತ. ಸ್ಯಾಂಡ್‌ಬಾಕ್ಸ್‌ನಲ್ಲಿ ಪಾರ್ಸೆಲ್ ಅಲ್ಲಾಡೋದಿಲ್ಲ, ಅದಕ್ಕೆ. ನಾನು ಅವರಿಗೆ ಹೇಳಿದ್ದು ಹೀಗೆ. ತಿದ್ದುಪಡಿಯನ್ನೂ ಪಿಕಪ್ ಸ್ಕ್ಯಾನನ್ನೂ ಒಂದೇ ಸೆಕೆಂಡಿನಲ್ಲಿ ಕಳಿಸಿ ನೋಡಿ. ವೆಬ್‌ಹುಕ್‌ಗಳನ್ನು ಹಿಂದುಮುಂದಾಗಿ ಕಳಿಸಿ ನೋಡಿ. ‘ಡೆಲಿವರಿಗೆ ಹೊರಟಿದೆ’ ಮೊದಲು, ‘ಹಬ್ ತಲುಪಿದೆ’ ಆಮೇಲೆ. ನಿಮ್ಮ ಸಾಫ್ಟ್‌ವೇರ್ ವೆಬ್‌ಹುಕ್ ಬಂದ ಹೊತ್ತನ್ನು ನಂಬಿದರೆ ಡೆಲಿವರಿಗೆ ಹೊರಟ ಪಾರ್ಸೆಲ್ ಮತ್ತೆ ಹಬ್‌ಗೆ ಹೋಯಿತು ಅಂದುಕೊಂಡು ಮೊತ್ತ ತಿದ್ದಲು ಬಿಟ್ಟುಬಿಡುತ್ತದೆ. ಸ್ಕ್ಯಾನ್ ಆದ ಹೊತ್ತನ್ನು ನೋಡಿದರೆ ಬಿಡೋದಿಲ್ಲ.